ಗುಂಪಿಗೆ ಯಾರೂ ಮಾತು ಬರೆಯುವುದಿಲ್ಲ

ಫರೀದಕ್ಕನ ಗಂಟಲಲ್ಲಿ ಒಂದು ಊರೇ ಇದೆ ಅಂತ ನಾವು ಸ್ಟುಡಿಯೋದಲ್ಲಿ ತಮಾಷೆ ಮಾಡುತ್ತಿದ್ದೆವು. ವಯಸ್ಸು ಐವತ್ತು ದಾಟಿದೆ, ದಪ್ಪ ಕನ್ನಡಕ, ಕೂತರೆ ಏಳುವಾಗ ಮಂಡಿ ಹಿಡಿದುಕೊಂಡು ‘ಯಾ ಅಲ್ಲಾ’ ಅನ್ನಲೇಬೇಕು. ಆದರೆ ಮೈಕಿನ ಮುಂದೆ ನಿಂತಳೋ, ಹತ್ತು ವರ್ಷದ ಗಂಡುಹುಡುಗ. ಕಣ್ಣು ಮುಚ್ಚಿಕೊಂಡು ಕೇಳಿದರೆ ಅವನ ಮೂಗು ಸೋರುತ್ತಿರುವುದೂ ಗೊತ್ತಾಗುತ್ತದೆ.

ನಾನು ಅದೇ ಸ್ಟುಡಿಯೋಗೆ ಮಾತು ಬರೆಯುವವಳು, ಹೆಸರು ಇಂದು. ಹೊರದೇಶದ ಕಾರ್ಟೂನುಗಳಿಗೆ ಕನ್ನಡ ಕೂರಿಸುವುದು ನನ್ನ ಕೆಲಸ. ಪಾತ್ರ ಬಾಯಿ ತೆರೆದಷ್ಟು ಹೊತ್ತು ನನ್ನ ಕನ್ನಡ ಓಡಬೇಕು, ಬಾಯಿ ಮುಚ್ಚಿದ ತಕ್ಷಣ ನಿಲ್ಲಬೇಕು. ಇಂಥ ಸಾಹಿತ್ಯಕ್ಕೆ ಯಾರೂ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವುದಿಲ್ಲ. ಕೊಡಿಗೇಹಳ್ಳಿ ಗೇಟಿನ ಹತ್ತಿರ ಒಂದು ಬೇಕರಿಯ ಮೇಲಿದೆ ನಮ್ಮ ಸ್ಟುಡಿಯೋ. ಎಷ್ಟೋ ವರ್ಷಗಳಿಂದ ಅಲ್ಲಿ ನಾವಿಬ್ಬರೂ ಪಫ್ಸಿನ ವಾಸನೆ ಕುಡಿದುಕೊಂಡೇ ದುಡಿದಿದ್ದೇವೆ.

ಫರೀದಕ್ಕನ ಅಪ್ಪ ಸರ್ದಾರ್ ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಇಳಿಸುವ ಹಮಾಲಿ. ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ತಮಿಳು, ಯಾರ್ಡಿನಲ್ಲಿ ಎಲ್ಲ ಸೀಮೆಯ ಕನ್ನಡ. ಶಾಲೆ ಬಿಟ್ಟ ಮೇಲೆ ಅಪ್ಪನಿಗೆ ಬುತ್ತಿ ಕೊಡಲು ಹೋದ ಹುಡುಗಿ ಮೂಟೆಯ ಮೇಲೆ ಕೂತು ಚಳ್ಳಕೆರೆಯ ಸಾಹುಕಾರ, ಹಾಸನದ ಆಲೂಗಡ್ಡೆ ರೈತ, ಕೋಲಾರದ ಸೊಪ್ಪಿನ ಹೆಂಗಸು, ಹರಾಜು ಕೂಗುವವನು ಎಲ್ಲರನ್ನೂ ಗಂಟಲಿಗೆ ಇಳಿಸಿಕೊಂಡಳು. ಒಮ್ಮೆ ಕೇಳಿದ ದನಿಯನ್ನು ಅವಳು ಮರೆತದ್ದಿಲ್ಲ. ಮೊದಲು ಸೀರೆ ಸೇಲಿನ ಆಟೋಗೆ ಕೂಗಿ ಕೊಟ್ಟಳು, ಆಮೇಲೆ ನಮ್ಮ ಕಡೆ ಬಂದಳು. ಈ ನೆನಪಿನ ಶಕ್ತಿಯೇ ಅವಳ ಅನ್ನ. ಅದೇ ಒಂದು ದಿನ ಅವಳ ಕುತ್ತಿಗೆಗೆ ಬಂತು, ಅದನ್ನು ಹೇಳಲೆಂದೇ ಇಷ್ಟು ಬರೆಯುತ್ತಿದ್ದೇನೆ.

ಗಂಡ ಮನ್ಸೂರ್ ಭಾಯ್ ಆರ್.ಟಿ. ನಗರದಲ್ಲಿ ಸೋಫಾ, ಕಾರಿನ ಸೀಟು ಹೊಲಿಯುತ್ತಿದ್ದವರು. ಸಕ್ಕರೆ ಕಾಯಿಲೆ ಜಾಸ್ತಿಯಾಗಿ, ಕಾಲಿನ ಹುಣ್ಣು ವಾಸಿಯಾಗದೆ, ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ಅವರಿದ್ದದ್ದು ಎರಡನೇ ಮಹಡಿಯ ಮನೆ. ಹೊತ್ತುಕೊಂಡು ಇಳಿಸಬೇಕು, ಹೊತ್ತುಕೊಂಡು ಹತ್ತಿಸಬೇಕು. ಮೆಟ್ಟಿಲಿಲ್ಲದ ಮನೆ ಹುಡುಕಲು ಶುರು ಮಾಡಿದರು. ಭಾನುವಾರಗಳಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ.

ಫೋನಿನಲ್ಲಿ ಫರೀದಕ್ಕನ ಕನ್ನಡ ಕೇಳಿದ ಓನರ್‌ಗಳು ‘ಬನ್ನಿ ಬನ್ನಿ ಮೇಡಂ, ನಿಮ್ಮಂಥ ಫ್ಯಾಮಿಲಿಗೇ ಕಾಯ್ತಿದ್ವಿ’ ಅನ್ನುವರು. ಹೋಗಿ ಗೇಟಿನ ಮುಂದೆ ನಿಂತು ಹೆಸರು ಹೇಳಿದರೆ ಮುಖ ಇಳಿಯುವುದು. ಒಬ್ಬನಿಗೆ ಅರ್ಧ ಗಂಟೆ ಮೊದಲು ಅಡ್ವಾನ್ಸ್ ಬಂದಿರುತ್ತದೆ. ಇನ್ನೊಬ್ಬನ ಅಣ್ಣ ದಾವಣಗೆರೆಯಿಂದ ದಿಢೀರನೆ ವಾಪಸ್ ಬರುತ್ತಿರುತ್ತಾನೆ. ‘ನಮ್ದೇನಿಲ್ಲಮ್ಮ, ಅಕ್ಕಪಕ್ಕದವರು ಒಪ್ಪಲ್ಲ’ ಅನ್ನುವವರಂತೂ ಲೆಕ್ಕವಿಲ್ಲ. ಇಡೀ ಬೆಂಗಳೂರಿನಲ್ಲಿ ಎಲ್ಲರೂ ಒಳ್ಳೆಯವರೇ, ಅವರ ಅಕ್ಕಪಕ್ಕದವರು ಮಾತ್ರ ಕೆಟ್ಟವರು! ವಾಪಸ್ ಬರುವಾಗ ಬಸ್ಸಿನಲ್ಲಿ ಫರೀದಕ್ಕ ಆ ಓನರ್‌ಗಳನ್ನೆಲ್ಲ ಒಬ್ಬೊಬ್ಬರಾಗಿ ಆಡಿ ತೋರಿಸುವಳು. ನಾನು ಹೊಟ್ಟೆ ಹಿಡಿದುಕೊಂಡು ನಗುವೆ. ಆಮೇಲೆ ಅವಳು ಕಿಟಕಿಯ ಕಡೆ ತಿರುಗಿ ಕೂತುಬಿಡುವಳು.

ಕೊನೆಗೆ ಸಿಕ್ಕಿದ್ದು ಅಟ್ಟೂರಿನಲ್ಲಿ, ಮುನಿಗಂಗಮ್ಮನವರ ಮನೆ. ಒಂದು ಕಾಲದ ರಾಗಿ ಹೊಲದಲ್ಲಿ ಈಗ ಮೂರಂತಸ್ತು. ಕೆಳಗೆ ಬಾಡಿಗೆ ಮನೆ, ಮೇಲೆ ಅಜ್ಜಿ, ಮಗ ಅನಂತರಾಜು, ಸೊಸೆ ಮಂಜುಶ್ರೀ. ನಾವು ಗೇಟಿನ ಹತ್ತಿರ ನಿಂತಿದ್ದೆವು. ಮಗ ನಮ್ಮ ವಿಷಯ ಹೇಳಲು ಮೇಲೆ ಹೋಗಿದ್ದ. ಬಾಲ್ಕನಿಯ ಬಾಗಿಲು ತೆರೆದಿತ್ತು. ಅಜ್ಜಿ ಸೊಸೆಗೆ ಹೇಳುತ್ತಿದ್ದುದು ಒಂದಕ್ಷರ ಬಿಡದೆ ಕೆಳಗೆ ಬಿತ್ತು.

‘ಒಂದ್ಸಲ ಒಳಕ್ಕೆ ಬುಟ್ಕಂಡ್ರೆ ಮುಗೀತು ಕಣೇ ಮಂಜು. ಆಮೇಕೆ ಸುಣ್ಣ ಬಳುದ್ರೂ ಆ ವಾಸ್ನೆ ಗ್ವಾಡೆ ಬುಟ್ಟು ಓಗಲ್ಲ.’

ನನಗೆ ಮೈಯೆಲ್ಲ ಉರಿಯಿತು. ‘ನಡಿ ಅಕ್ಕ, ಹೋಗೋಣ’ ಅಂದೆ. ಫರೀದಕ್ಕ ಅಲ್ಲಾಡಲಿಲ್ಲ. ‘ಇರು, ಮೆಟ್ಟಿಲೇ ಇಲ್ಲ ನೋಡು’ ಅಂದಳು. ಅಷ್ಟರಲ್ಲಿ ಅಜ್ಜಿಯೇ ಇಳಿದು ಬಂದರು. ಬೀದಿಯ ಆಚೆ ಬದಿ ಗುಡುಗುಡು ಅನ್ನುತ್ತಿದ್ದ ಆಟೋದಲ್ಲಿ ಊರುಗೋಲು ತಬ್ಬಿಕೊಂಡು ಕೂತ ಮನ್ಸೂರ್ ಭಾಯ್ ಕಂಡರು. ಅವರ ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಕಾಲನ್ನು ಅಜ್ಜಿ ಒಂದು ಗಳಿಗೆ ನೋಡಿದರು. ‘ಅಯ್ಯೋ ಸಿವ್ನೆ, ಕಾಲಿಲ್ದೋನ್ನ ಬೀದೀಲಿ ಕುಂಡ್ರುಸ್ಬುಟ್ಟು ನಾನು ಮ್ಯಾಕೆ ಕಾಫಿ ಕುಡಿಯಾದಾ? ಬೀಗ ತಗಿ ರಾಜ’ ಅಂದರು. ಮಗ ಕೈ ಬಾಯಿ ಆಡಿಸಿದ. ಅಜ್ಜಿ ಸೊಪ್ಪು ಹಾಕಲಿಲ್ಲ. ಹೀಗೆ ಒಂದೇ ಬಾಯಿ ಬೇಡ ಅಂದಿತು, ಅದೇ ಬಾಯಿ ಬಾ ಅಂದಿತು.

ಆಮೇಲೆ ಅವರು ನೋಡಿಕೊಂಡದ್ದು ಚೆನ್ನಾಗಿಯೇ. ಮುದ್ದೆ ಮಾಡಿದ ದಿನ ಬಸ್ಸಾರು ಕೆಳಗೆ ಬರುತ್ತಿತ್ತು. ಮನ್ಸೂರ್ ಭಾಯ್ ಅಜ್ಜಿಯ ಸೋಫಾಗೆ ಹೊಸ ಬಟ್ಟೆ ಹಾಕಿ ಕೊಟ್ಟರು. ಭಾನುವಾರ ಮೇಲಿನಿಂದ ಮಟನ್ ಸಾರಿನ ಘಮ ಇಡೀ ಬೀದಿಗೆ ಹಬ್ಬುತ್ತಿತ್ತು. ಆ ಗೋಡೆಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಫರೀದಕ್ಕ ಮಾತ್ರ ಮೀನು ತರುವುದನ್ನೇ ಬಿಟ್ಟಿದ್ದಳು, ಒಗ್ಗರಣೆ ಹಾಕುವಾಗ ಕಿಟಕಿ ಮುಚ್ಚುತ್ತಿದ್ದಳು. ಅಜ್ಜಿಯ ಮಾತು ತನಗೆ ಕೇಳಿಸಿತ್ತು ಅಂತ ಗಂಡನಿಗೂ ಹೇಳಿರಲಿಲ್ಲ.

ಇದಾಗಿ ವರ್ಷ ಹತ್ತಿರ ಬಂದಾಗ ನಮ್ಮ ಸ್ಟುಡಿಯೋಗೆ ‘ಗಗನಪಡೆ’ಯ ಆ ಕಂತು ಬಂತು. ಇದು ವಿಶೇಷ ಶಕ್ತಿಯಿರುವ ಮಕ್ಕಳು ಒಂದು ಪಟ್ಟಣವನ್ನು ಕಾಯುವ ಕಾರ್ಟೂನ್ ಧಾರಾವಾಹಿ, ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುತ್ತದೆ. ಒಬ್ಬ ಹಾರುತ್ತಾನೆ, ಒಬ್ಬಳು ಬೆಟ್ಟ ಎತ್ತುತ್ತಾಳೆ. ಎಲ್ಲರಿಗಿಂತ ಚಿಕ್ಕವನಿಗೆ ಕನ್ನಡದಲ್ಲಿ ನಾನಿಟ್ಟ ಹೆಸರು ಮಿಣುಕ. ಹೆದರಿಕೆಯಾದರೆ ಅವನ ಮೈ ಬೆಳಗುತ್ತದೆ, ಅದೇ ಅವನ ಶಕ್ತಿ, ಅದೇ ಅವನ ಪೀಡೆ. ಮಿಣುಕನಿಗೆ ದನಿ ಕೊಡುವವಳು ಫರೀದಕ್ಕ.

ಆ ಕಂತಿನಲ್ಲಿ ಪಟ್ಟಣದ ಗಿರಣಿಗೆ ಬೆಂಕಿ ಬೀಳುತ್ತದೆ. ಹೇಗೆ ಬಿತ್ತು ಅಂತ ಯಾರಿಗೂ ಗೊತ್ತಿಲ್ಲ. ಯಾರೋ ಒಬ್ಬ ‘ಮೈ ಬೆಳಗುವವರದೇ ಕೆಲಸ’ ಅನ್ನುತ್ತಾನೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಎಲ್ಲ ದೇಶದ ಗಾದೆ ಇರಬೇಕು. ನಿನ್ನೆಯವರೆಗೂ ಮಿಣುಕನಿಗೆ ಜೈ ಅಂದ ಜನ ದೀಪ ಹಿಡಿದು ಮನೆಮನೆ ಹುಡುಕುತ್ತಾರೆ. ಒಬ್ಬ ಮುದುಕಿ ಅವನನ್ನು ಅಟ್ಟದ ಮೇಲೆ ಮೂಟೆಗಳ ನಡುವೆ ಬಚ್ಚಿಡುತ್ತಾಳೆ. ಅವನು ಹೆದರುವ ಹಾಗಿಲ್ಲ. ಹೆದರಿದರೆ ಬೆಳಕು ಹಲಗೆಯ ಸಂದಿಯಿಂದ ಕೆಳಗೆ ಬೀಳುತ್ತದೆ, ಸಿಕ್ಕಿಬೀಳುತ್ತಾನೆ.

ಆ ದೃಶ್ಯಕ್ಕೆ ಮಾತಿಲ್ಲ, ಬರೀ ಉಸಿರು. ಫರೀದಕ್ಕ ಮೈಕಿನ ಮುಂದೆ ನಿಂತು ಉಸಿರಾಡಿದಳು. ಬಾಯಿ ಮುಚ್ಚಿ ಮೂಗಿನಿಂದ, ಅರ್ಧ ಎಳೆದು, ನುಂಗಿ, ಮತ್ತೆ ಅರ್ಧ. ಕನ್ಸೋಲಿನ ಮುಂದೆ ಕೂತಿದ್ದ ನಮ್ಮ ಸೌಂಡ್ ಎಂಜಿನಿಯರ್ ವಾಸು ತಾನೂ ಉಸಿರು ಹಿಡಿದಿದ್ದ. ಹೊರಗೆ ಬಂದಾಗ ‘ಎಲ್ಲಿಂದ ತಂದೆ ಅಕ್ಕ ಇದನ್ನ?’ ಅಂತ ಕೇಳಿದೆ. ‘ಮನೆ ನೋಡೋಕೆ ಹೋದಾಗ ಗೇಟ್ ಹತ್ರ ಹಿಂಗೇ ಉಸಿರಾಡ್ತಿದ್ದೆ ಕಣೆ’ ಅಂದಳು. ಅವಳು ನಗಲಿಲ್ಲ, ನನಗೂ ನಗು ಬರಲಿಲ್ಲ.

ಆಮೇಲೆ ಬಂದದ್ದು ಕ್ರೌಡ್, ಅಂದರೆ ಗುಂಪಿನ ಕೂಗಾಟ. ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಪಾತ್ರಗಳಿಗೆ ನಾನು ಮಾತು ಬರೆಯುತ್ತೇನೆ. ಗುಂಪಿಗೆ ಯಾರೂ ಮಾತು ಬರೆಯುವುದಿಲ್ಲ. ಬೇರೆ ಕಲಾವಿದರನ್ನು ಕರೆಸುವಷ್ಟು ದುಡ್ಡೂ ಯಾರ ಹತ್ತಿರ ಇರುವುದಿಲ್ಲ. ಇದ್ದವರೇ ನಾಲ್ಕು ಜನ ಒಂದೇ ಮೈಕಿನ ಸುತ್ತ ನಿಂತು, ಮುಖ ಆ ಕಡೆ ಈ ಕಡೆ ತಿರುಗಿಸಿ, ಕೈ ಅಡ್ಡ ಹಿಡಿದು, ಬಾಯಿಗೆ ಬಂದದ್ದು ಕೂಗಬೇಕು. ಹಾಗಾಗಿ ಅಟ್ಟದ ಮೇಲೆ ಬಚ್ಚಿಟ್ಟುಕೊಂಡ ಹುಡುಗನೂ ಫರೀದಕ್ಕನೇ, ಕೆಳಗೆ ಅವನನ್ನು ಹಿಡಿಯಲು ಬಂದವರಲ್ಲಿ ಒಬ್ಬಳೂ ಫರೀದಕ್ಕನೇ.

‘ಕೋಪ ಇರ್ಲಿ, ನಿಜವಾದ ಕೋಪ’ ಅಂತ ವಾಸು ಕನ್ಸೋಲಿನಿಂದ ಹೇಳಿದ. ಉಳಿದವರು ‘ಹಿಡೀರಿ’, ‘ಬಿಡಬೇಡಿ’ ಅಂತ ಕೂಗಿದರು, ನೂರು ಸಲ ಕೇಳಿದ್ದೇ. ಆಗ ಫರೀದಕ್ಕನ ಬಾಯಿಂದ ಇನ್ನೊಂದು ದನಿ ಬಂತು. ವಯಸ್ಸಾದ, ಸ್ವಲ್ಪ ನಡುಗುವ, ಮಾತಿನ ಕೊನೆಗೆ ನಾಲಿಗೆ ಲೊಚಗುಟ್ಟುವ ದನಿ.

‘ಒಂದ್ಸಲ ಒಳಕ್ಕೆ ಬುಟ್ಕಂಡ್ರೆ ಮುಗೀತು! ಸುಣ್ಣ ಬಳುದ್ರೂ ಆ ವಾಸ್ನೆ ಗ್ವಾಡೆ ಬುಟ್ಟು ಓಗಲ್ಲ!’

ನನ್ನ ಕೈಯಲ್ಲಿದ್ದ ಟೀ ಅಲ್ಲೇ ನಿಂತಿತು. ಗಾಜಿನ ಆಚೆ ನಿಂತಿದ್ದವಳು ಮುನಿಗಂಗಮ್ಮ, ಅಟ್ಟೂರಿನ ಬಾಲ್ಕನಿಯ ಮುನಿಗಂಗಮ್ಮ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಟೇಕು ಮುಗಿದ ಮೇಲೆ ಫರೀದಕ್ಕ ತನ್ನ ಬಾಯಿಯ ಮೇಲೆ ತಾನೇ ಕೈ ಇಟ್ಟುಕೊಂಡಳು. ‘ನಾನು ಯೋಚನೆ ಮಾಡ್ಲಿಲ್ಲ ಇಂದು. ಬಾಯಿ ತೆಗ್ದೆ, ಅವರೇ ಬಂದ್ಬಿಟ್ರು’ ಅಂದಳು.

ಅವಳ ಮುಖ ಬಿಳಿಚಿಕೊಂಡದ್ದು ಯಾಕೆ ಅಂತ ಹೇಳಬೇಕು. ಮುನಿಗಂಗಮ್ಮ ಸೀರಿಯಲ್ ನೋಡುವವರಲ್ಲ. ‘ಬರೀ ಅತ್ತೆಸೊಸೆ ವಿಸ ಆಕ್ಕಳಾದು’ ಅಂತ ಬೈಯುತ್ತಾರೆ. ಅವರು ನೋಡುವುದು ಒಂದೇ, ಗಗನಪಡೆ. ಮಿಣುಕ ಅಂದರೆ ಪ್ರಾಣ. ಅವನು ಅತ್ತರೆ ಇವರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ಒಂದು ಕಂತನ್ನೂ ತಪ್ಪಿಸಿದವರಲ್ಲ.

ಕ್ರೌಡಿನ ಆ ಟ್ರ್ಯಾಕು ತೆಗೆಸಬೇಕು ಅಂತ ಮಾರನೇ ದಿನ ಬೆಳಿಗ್ಗೆ ಇಬ್ಬರೂ ವಾಸುವಿನ ಹತ್ತಿರ ಹೋದೆವು. ‘ಯಾವ್ದು, ಆ ಮುದುಕಿ ವಾಯ್ಸಾ? ಸಖತ್ತಾಗಿದೆ ಮೇಡಂ! ಅದನ್ನೇ ಮುಂದೆ ತಂದು, ಉಳಿದಿದ್ದೆಲ್ಲ ಹಿಂದಕ್ಕೆ ಹಾಕಿದೀನಿ’ ಅಂತ ಅವನು ಹಲ್ಲು ಕಿರಿದ. ನಾನು ಎಲ್ಲ ಬಿಡಿಸಿ ಹೇಳಿದೆ. ಅವನ ಮುಖ ಸಪ್ಪಗಾಯಿತು. ‘ಅಯ್ಯೋ, ನಿನ್ನೆನೇ ಹೇಳ್ಬಾರ್ದಾ? ಫೈಲು ಚಾನೆಲ್‌ಗೆ ಹೋಗಾಯ್ತು. ಇನ್ನು ನನ್ನ ಕೈಲಿಲ್ಲ.’ ಫರೀದಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಕೆಳಗೆ ಬೇಕರಿಯವನು ಬ್ರೆಡ್ ಕುಯ್ಯುತ್ತಿದ್ದ.

ಗಾಯದ ಮೇಲೆ ಬರೆ ಎಳೆದವರು ಮನ್ಸೂರ್ ಭಾಯ್. ಪಾಪ, ಅವರಿಗೇನೂ ಗೊತ್ತಿಲ್ಲ. ಹಿತ್ತಲ ಬಿಸಿಲಿನಲ್ಲಿ ಕೂತಿದ್ದಾಗ ಅಜ್ಜಿ ಎಂದಿನಂತೆ ಮಿಣುಕನ ಕಥೆ ತೆಗೆದಿದ್ದಾರೆ. ಹೆಂಡತಿ ‘ನಕ್ಕೋ ಜೀ, ಅವರ ಮುಂದೆ ನನ್ನ ಕೆಲಸದ ಮಾತೇ ಬೇಡ’ ಅಂತ ಮೊದಲಿನಿಂದಲೂ ಹೇಳಿದ್ದಳು. ಆದರೂ ಹೆಮ್ಮೆ ತಡೆಯಲಾಗದೆ ಇವರು ‘ಅಮ್ಮ, ನಿಮ್ಮ ಮಿಣುಕ ನಿಮ್ಮನೇಲೇ ಬಾಡಿಗೆಗವ್ನೆ’ ಅಂದುಬಿಟ್ಟರು.

ಮುನಿಗಂಗಮ್ಮನವರ ಸಂಭ್ರಮ ಕೇಳಬೇಕೆ. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ಫರೀದಕ್ಕನ ಗಲ್ಲ ಹಿಡಿದು, ದೃಷ್ಟಿ ನೀವಾಳಿಸಿ, ಬೆರಳು ಲಟಿಕೆ ಮುರಿದರು. ‘ಈ ಭಾನ್ವಾರ ನೀನು ಮ್ಯಾಕೆ ಬರ್ಬೇಕು ತಾಯಿ. ಎಲ್ರೂ ಕುಂತ್ಕಂಡು ನೋಡಾನ. ಅವರೆಕಾಯಿ ತರ್ಸಿವ್ನಿ, ಇತಕಿದ ಬೇಳೆ ಸಾರು ಮಾಡ್ಸ್ತೀನಿ’ ಅಂದರು. ಜೊತೆಗಿದ್ದ ಅನಂತರಾಜು, ‘ಬನ್ನಿಮ್ಮ. ಹನ್ನೊಂದು ತಿಂಗಳು ಮುಗೀತು, ಅಗ್ರಿಮೆಂಟ್ ವಿಷ್ಯನೂ ಅವತ್ತೇ ಮಾತಾಡ್ಬಿಡೋಣ’ ಅಂದ. ಆ ಮಾತಿನಲ್ಲಿ ಬಿಗಿತವಿತ್ತು. ಲೇಔಟಿನ ಸಂಘದ ಶೇಖರಪ್ಪ ‘ಏನ್ ರಾಜು, ಇನ್ನೊಂದ್ವರ್ಷ ಅವ್ರಿಗೇ ಕೊಡ್ತೀಯಾ?’ ಅಂತ ಗೇಟಿನ ಹತ್ತಿರ ಕೇಳಿದ್ದನ್ನು ಫರೀದಕ್ಕ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ‘ಅಮ್ಮ ಹೆಂಗಂತಾಳೋ ಹಂಗೆ’ ಅಂತ ಮಗ ಜಾರಿಕೊಂಡಿದ್ದ. ಮನೆ ಉಳಿಯುವುದು, ಹೋಗುವುದು ಎರಡೂ ಅಜ್ಜಿಯ ಒಂದು ಮಾತಿನ ಮೇಲೆ ನಿಂತಿತ್ತು. ಆ ಅಜ್ಜಿಯ ಒಂದು ಮಾತು ಭಾನುವಾರ ಟಿವಿಯಲ್ಲಿ, ಎಲ್ಲರಿಗಿಂತ ಮುಂದೆ, ಜೋರಾಗಿ ಬರಲಿತ್ತು.

ಆ ವಾರ ಅವಳು ಅನುಭವಿಸಿದ ಹೆದರಿಕೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೇಲಿನ ಮನೆಯಲ್ಲಿ ಕುರ್ಚಿ ಎಳೆದರೆ ಬೆಚ್ಚುವಳು. ಅಜ್ಜಿ ‘ಫರೀದವ್ವಾ’ ಅಂತ ಕೂಗಿದರೆ ಓಗೊಡುವ ಮೊದಲು ಗೋಡೆ ಹಿಡಿದುಕೊಳ್ಳುವಳು. ಸ್ಟುಡಿಯೋದಲ್ಲಿ ಒಂದು ಲೋಳೆಸರದ ಸೋಪಿನ ಜಾಹೀರಾತಿಗೆ ನಿಂತವಳಿಗೆ ದನಿಯೇ ಹೊರಡಲಿಲ್ಲ. ವಾಸು ಬಿಸಿನೀರು ಕೊಟ್ಟು ಮನೆಗೆ ಕಳಿಸಿದ. ಒಂದು ಸಂಜೆ ನಾನು ಹೋದಾಗ ಅಟ್ಟದಿಂದ ಪಾತ್ರೆ ಇಳಿಸಿ ಹಳೇ ಪೇಪರಿನಲ್ಲಿ ಸುತ್ತುತ್ತಿದ್ದಳು. ಮನ್ಸೂರ್ ಭಾಯ್ ‘ಕ್ಯಾ ಹುವಾ ಜೀ?’ ಅಂತ ಕೇಳಿದ್ದಕ್ಕೆ ಧೂಳು ಹೊಡೆಯುತ್ತಿದ್ದೇನೆ ಅಂದಳಂತೆ.

‘ಮತ್ತೆ ಅವರನ್ನ ಹೊತ್ಕೊಂಡು ಹತ್ತೋ ಮನೆ ಅಂದ್ರೆ ನನ್ನ ಕೈಲಾಗಲ್ಲ ಇಂದು. ಹೋದ್ಸಲ ಜಾರಿದ್ರು, ಗಾಯದ ಜಾಗದಲ್ಲೇ ಮತ್ತೆ ರಕ್ತ ಬಂತು. ಇನ್ನೊಂದ್ಸಲ ಆದ್ರೆ ಮೇಲ್ಗಡೆನೂ ಕತ್ತರಿಸ್ಬೇಕು ಅಂದವ್ರೆ ಡಾಕ್ಟ್ರು’ ಅಂದಳು.

‘ಅಕ್ಕ, ಆ ಮಾತು ಆಡಿದ್ದು ಅವರು. ಹೆದರಬೇಕಾದ್ದು ನೀನಾ?’ ನನಗೆ ಸಿಟ್ಟು ನೆತ್ತಿಗೇರಿತ್ತು.

‘ಮನೆ ಯಾರ್ದು?’ ಅಂತ ಅವಳು ಕೇಳಿದಳು.

ಹುಷಾರಿಲ್ಲ ಅಂತ ಹೇಳಿ ಮೇಲೆ ಹೋಗದೇ ಇರಬಹುದಿತ್ತು. ಆದರೆ ಹೋಗದಿದ್ದರೆ ಬೇಕೆಂತಲೇ ಮಾಡಿದಳು ಅಂದುಕೊಳ್ಳುತ್ತಾರೆ ಅಂತ ಅವಳ ಲೆಕ್ಕ. ನನ್ನನ್ನು ಜೊತೆಗೆ ಬಾ ಅಂದಳು. ವಿದ್ಯಾರಣ್ಯಪುರದಿಂದ ಬಸ್ಸು ಹಿಡಿದು ನಾನು ಹೋಗಿ ಮುಟ್ಟುವಷ್ಟರಲ್ಲಿ ಮೇಲಿನ ಮನೆಯ ಹಾಲು ಜನರಿಂದ ತುಂಬಿತ್ತು. ನೆಂಟರು, ಪಕ್ಕದ ಮನೆಯವರು, ಸೋಫಾದ ಮೇಲೆ ಆ ಶೇಖರಪ್ಪ. ನಡುವೆ ಚಾಪೆಯ ಮೇಲೆ ಅಗಲವಾದ ಪಾತ್ರೆಗಳಲ್ಲಿ ನೆನೆದ ಅವರೆಕಾಳು. ಹೆಂಗಸರೆಲ್ಲ ಸುತ್ತ ಕೂತು ಒಂದೊಂದೇ ಕಾಳು ಹಿಸುಕುತ್ತಿದ್ದರು, ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಅಜ್ಜಿ ಫರೀದಕ್ಕನನ್ನು ತಮ್ಮ ಪಕ್ಕದಲ್ಲೇ ಎಳೆದು ಕೂರಿಸಿಕೊಂಡರು. ‘ಇವ್ಳೇ ಕಣ್ರವ್ವ ನಮ್ ಮಿಣುಕ’ ಅಂದರು. ಎಲ್ಲರೂ ತಿರುಗಿ ನೋಡಿ ನಕ್ಕರು. ಫರೀದಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕಾಳಿಗೆ ಕೈ ಹಾಕಿದಳು. ಎರಡು ಕಾಳು ಅವಳ ಬೆರಳಿನಿಂದ ಜಾರಿ ಶೇಖರಪ್ಪನ ಕಾಲ ಹತ್ತಿರ ಬಿದ್ದವು.

ಕಂತು ಶುರುವಾಯಿತು. ಗಿರಣಿ ಹೊತ್ತಿಕೊಂಡಿತು. ಹಾಲಿನಲ್ಲಿ ಅಯ್ಯೋ ಪಾಪ ಅಂದರು. ಮಿಣುಕ ಅಟ್ಟ ಹತ್ತಿದ. ಆ ಉಸಿರು ಬಂತು ನೋಡಿ, ಕಾಳು ಹಿಸುಕುವ ಕೈಗಳೆಲ್ಲ ನಿಂತವು. ಟಿವಿಯೊಳಗೆ ಮಿಣುಕ ಉಸಿರಾಡುತ್ತಿದ್ದ, ಪಕ್ಕದಲ್ಲಿ ಫರೀದಕ್ಕ ಉಸಿರಾಡುತ್ತಿದ್ದಳು, ನನಗೆ ಎರಡೂ ಒಂದೇ ಕೇಳಿಸಿತು. ನಾನು ಅವಳ ಮಂಡಿಯ ಮೇಲೆ ಕೈ ಇಟ್ಟೆ.

ದೀಪ ಹಿಡಿದ ಜನ ಬಾಗಿಲಿಗೆ ಬಂದರು. ‘ಹಿಡೀರಿ’ ಅಂದರು, ‘ಬಿಡಬೇಡಿ’ ಅಂದರು. ಅವರನ್ನೆಲ್ಲ ಹಿಂದೆ ತಳ್ಳಿಕೊಂಡು ಆ ದನಿ ಬಂತು. ಹೊಸ ಟಿವಿ, ದೊಡ್ಡ ಸ್ಪೀಕರು. ಮುನಿಗಂಗಮ್ಮನವರ ಹಾಲಿನಲ್ಲಿ ಮುನಿಗಂಗಮ್ಮನವರ ಮಾತು, ಕೊನೆಯ ಲೊಚಗುಟ್ಟುವಿಕೆಯ ಸಮೇತ ಗಣಗಣ ಅಂತು.

ಮಂಜುಶ್ರೀ ಕೈಯಲ್ಲಿದ್ದ ಕಾಳು ಕೆಳಗಿಟ್ಟಳು. ಆ ಮಾತನ್ನು ಮೊದಲು ಕೇಳಿಸಿಕೊಂಡವಳು ಅವಳೇ ತಾನೆ. ತಲೆ ಎತ್ತಿ ಫರೀದಕ್ಕನನ್ನು ನೇರವಾಗಿ ನೋಡಿದಳು. ಆಮೇಲೆ ಗಡಬಡಿಸಿ ತಲೆ ತಗ್ಗಿಸಿ ಮೊದಲಿಗಿಂತ ಜೋರಾಗಿ ಹಿಸುಕತೊಡಗಿದಳು.

‘ಥೂ!’ ಅಂದರು ಮುನಿಗಂಗಮ್ಮ.

ಅಜ್ಜಿ ಟಿವಿಯ ಕಡೆ ಕೈ ಚಾಚಿದರು. ‘ಯಾರವ್ವ ಅವ್ಳು, ಆ ಮುದ್ಕಿ? ಅವಳ ಬಾಯಿಗೆ ಉಳ ಬೀಳ! ಎಳೇ ಮಗೀನ್ ಮ್ಯಾಲೆ ಎಂತಾ ಮಾತಾಡ್ತಾಳೆ!’

‘ಇಂಥೋರು ನಮ್ಮ ಕಡೆನೂ ಅವ್ರೆ ಬಿಡಮ್ಮ’ ಅಂದ ಅನಂತರಾಜು, ತುಂಬ ನೊಂದವನ ಹಾಗೆ. ಶೇಖರಪ್ಪ ‘ಜನ ಸರಿಯಿಲ್ಲ’ ಅಂತ ತಲೆಯಾಡಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಮಾಡಿದ ಪುಣ್ಯಾತ್ಮ ಆ ಹಾಲಿಗೆ ಬಂದಿರಲಿಲ್ಲ. ಅಲ್ಲಿ ಒಬ್ಬರೂ ಹೆಗಲು ಮುಟ್ಟಿಕೊಳ್ಳಲಿಲ್ಲ.

ಅಜ್ಜಿ ಬಿಡಲಿಲ್ಲ. ಫರೀದಕ್ಕನ ಕಡೆ ತಿರುಗಿದರು. ‘ನಿಂಗೆ ಗೊತ್ತಿರ್ತದಲ್ಲ, ಯಾರವ್ವ ಅಂಗೆ ಕೂಗ್ದೋಳು?’

ಫರೀದಕ್ಕ ಕೈಲಿದ್ದ ಕಾಳನ್ನು ಹಿಸುಕಿ ಪಾತ್ರೆಗೆ ಹಾಕಿದಳು. ‘ಅದೂ ನಾನೇ ಅಮ್ಮ’ ಅಂದಳು. ‘ಗುಂಪಿಗೆ ಬೇರೆ ಜನ ಇರಲ್ಲ. ನಾವೇ ಕೂಗ್ಬೇಕು.’

ಎಲ್ಲರೂ ಘೊಳ್ಳೆಂದು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಫರೀದಕ್ಕನ ಮುಖವನ್ನೇ ನೋಡಿದರು. ‘ನೀನಾ? ಇಷ್ಟು ಒಳ್ಳೆ ಎಣ್ಣು ನೀನು. ಅಂಗೆ ಮಾತಾಡಾದು ಎಲ್ಲಿ ಕಲ್ತೆ ತಾಯಿ?’

‘ಯಾರೋ ಆಡಿದ್ದು ಕೇಳಿಸ್ಕೊಂಡಿದ್ದೆ ಅಮ್ಮ.’

‘ಯಾರ್ ಯೋಳು? ನಿಂಗಾ ಅಂದಿದ್ದು?’ ಅಜ್ಜಿಯ ದನಿ ಏರಿತು. ‘ಯಾರಂತ ಯೋಳು ತಾಯಿ, ನಾನೇ ಓಗಿ ಕೇಳ್ತೀನಿ. ನಮ್ಮನೇಲಿರೋಳ್ಗೆ ಅಂಗಂದೋರ್ನ ಸುಮ್ಕೆ ಬುಟ್ಟೇನಾ?’

ಕೇಳುವಾಗ ಆ ಕಣ್ಣಲ್ಲಿ ಕಪಟ ಇರಲಿಲ್ಲ, ನಾನು ಹುಡುಕಿ ಹುಡುಕಿ ನೋಡಿದೆ. ಮಂಜುಶ್ರೀ ತಟ್ಟನೆ ಎದ್ದು ಅಡುಗೆಮನೆಗೆ ಹೋದಳು. ಒಳಗೆ ನಲ್ಲಿ ತಿರುಗಿಸಿ ಸುಮ್ಮನೆ ನೀರು ಬಿಟ್ಟ ಸದ್ದು ಬಂತು. ನಾನು ಬಾಯಿ ತೆರೆದೆ. ಹೇಳಿಬಿಡಬೇಕು ಅಂತಲೇ ತೆರೆದೆ. ಫರೀದಕ್ಕ ಅವರೆಯ ರಸ ಅಂಟಿದ ಬೆರಳುಗಳಲ್ಲಿ ನನ್ನ ಮಣಿಕಟ್ಟು ಹಿಡಿದು ಉಗುರು ಊರಿದಳು.

‘ಬಹಳ ದಿನ ಆಯ್ತಮ್ಮ’ ಅಂದಳು. ‘ಮುಖ ನೆನಪಿಲ್ಲ.’

ಟಿವಿಯಲ್ಲಿ ಮಿಣುಕ ತಾನಾಗಿಯೇ ಅಟ್ಟದಿಂದ ಇಳಿದು ಬಂದಿದ್ದ. ಮೈಯೆಲ್ಲ ಬೆಳಗುತ್ತಿತ್ತು. ‘ನನ್ನನ್ನ ನೋಡಿದ್ರೆ ನಿಮಗೆ ಭಯ. ನಿಮ್ಮನ್ನ ನೋಡಿದ್ರೆ ನನಗೆ ಭಯ. ಕಾಣೋದು ಮಾತ್ರ ನನ್ನ ಭಯ ಒಂದೇ’ ಅಂದ. ಆ ಮಾತು ಬರೆದವಳು ನಾನು. ಅಜ್ಜಿ ಗೊಳೋ ಅಂತ ಅತ್ತರು. ಅನಂತರಾಜು ಕನ್ನಡಕ ತೆಗೆದು ಒರೆಸಿಕೊಂಡ. ಶೇಖರಪ್ಪ ‘ಒಳ್ಳೇ ಮೆಸೇಜ್ ಕೊಟ್ಟವ್ರೆ’ ಅಂದರು.

ಊಟವಾಯಿತು. ಅಗ್ರಿಮೆಂಟ್ ಮಾತು ಬಂತು. ‘ಕೇಳಾದೇನು ಬಂತು, ನಮ್ ಮಿಣುಕ ಎಲ್ಲೂ ಓಗಂಗಿಲ್ಲ’ ಅಂದರು ಅಜ್ಜಿ. ಮಗ ಸರಿ ಅಂದ. ಶೇಖರಪ್ಪ ಕೂಡ ಬೇಳೆ ಸಾರಿನ ಬೆರಳು ನೆಕ್ಕುತ್ತಾ ‘ಕಲಾವಿದರು ಬೇರೆ ಬಿಡಿ, ಅವರು ಎಲ್ಲರ ಥರ ಅಲ್ಲ’ ಅಂತ ಅಪ್ಪಣೆ ಕೊಡಿಸಿದರು. ಮನೆ ಉಳಿಯಿತು.

ಮೆಟ್ಟಿಲಿಳಿದು ಬರುವಾಗ ನನಗೆ ಹಗುರವಾಗಿತ್ತು. ಫರೀದಕ್ಕ ಕೈಯಲ್ಲಿ ಗಂಡನಿಗೆಂದು ಅಜ್ಜಿ ಕೊಟ್ಟ ಸಾರಿನ ಡಬ್ಬಿ ಹಿಡಿದುಕೊಂಡು ಕೊನೆಯ ಮೆಟ್ಟಿಲಿನಲ್ಲಿ ನಿಂತಳು. ಡಬ್ಬಿಯ ಮುಚ್ಚಳ ಟಕಟಕ ಸದ್ದು ಮಾಡುತ್ತಿತ್ತು, ನಾನೇ ಅದನ್ನು ಇಸಿದುಕೊಂಡೆ.

‘ಇನ್ನೇನಕ್ಕ ಹೆದರಿಕೆ? ಅವರಿಗೆ ಗೊತ್ತೇ ಆಗ್ಲಿಲ್ವಲ್ಲ’ ಅಂದೆ.

‘ಅದಕ್ಕೇ ಕಣೆ’ ಅಂದಳು, ಮೇಲೆ ಕೇಳಿಸದಷ್ಟು ಸಣ್ಣ ದನಿಯಲ್ಲಿ. ‘ಗೊತ್ತಾಗಿದ್ರೆ ಬೈಯೋರು, ಮನೆ ಬಿಡಿಸೋರು, ಇಲ್ಲಾ ಒಂದಿನ ನಾಚ್ಕೊಂಡು ಆ ಮಾತು ಬಿಡೋರು. ತಾನಾಡಿದ್ದು ಅಂತ್ಲೇ ತಿಳೀದೋರು ನಾಳೆ ಮತ್ತೆ ಅದನ್ನೇ ಆಡ್ತಾರೆ. ಇನ್ನೊಂದು ವರ್ಷ ನಾನು ಕೆಳಗಡೆನೇ ಇರ್ತೀನಿ ಇಂದು, ಕೇಳಿಸ್ಕೊಂಡು.’